ಎರಡು ಚಮಚ ಎಣ್ಣೆ

"ಬ್ರೇಕಿಗೆ ಯಾವ ಎಣ್ಣೆ ಹಾಕಿದೀಯಮ್ಮ ಅವಿಸ್?" ಎಂದು ಮರ್ಡೋ ಕೇಳಿದ. ಅವನ ತಲೆ ಆಗಲೇ ಅವಿಸಳ ಕಾರಿನ ಬಾನೆಟ್ಟಿನ ಕೆಳಗಿತ್ತು. ಕೇಳಿಕೊಂಡು ತಲೆ ಹಾಕುವ ಪದ್ಧತಿ ಓಮರೂ ಊರಿನ ಹಳೆ ಕಾರುಗಳ ಕ್ಲಬ್ಬಿನಲ್ಲಿ ಇಲ್ಲ. ಮರ್ಡೋ ಅದರ ಅಧ್ಯಕ್ಷ ಬೇರೆ.

"ಕ್ಲೈವ್ ಹಾಕ್ತಿದ್ದಿದ್ದು. ಎರಡು ಚಮಚ."

"ಹಾಗಾದ್ರೆ ಗೊರಸಿನೆಣ್ಣೆ. ದನದ ಕಾಲು ಬೇಯಿಸಿ ತೆಗೆದಿದ್ದು. ಒಳಗಿನ ಚರ್ಮ ದನದ್ದು ಅಂದ್ಮೇಲೆ ಎಣ್ಣೇನೂ ದನದ್ದೇ ಆಗ್ಬೇಕು. ನಮ್ಮಜ್ಜ ಕುದುರೆ ಜೀನಿಗೆ ಅದನ್ನೇ ಹಚ್ತಿದ್ದ."

"ನಿಮ್ಮಜ್ಜನ ಕುದುರೆಗೆ ಬ್ರೇಕಿತ್ತೇನೋ?" ಬಾಗಿಲಲ್ಲಿ ಲಾಕಿ ನಿಂತಿದ್ದ. ಕ್ಲಬ್ಬಿನಲ್ಲಿ ಮರ್ಡೋ ಏನು ಹೇಳಿದರೂ ಅಲ್ಲ ಎನ್ನುವ ಕೆಲಸ ಅವನದು. "ಹರಳೆಣ್ಣೆ ಕಣೋ. ಕ್ಲೈವ್ ಬೇರೆ ಎಣ್ಣೆ ಮುಟ್ಟಿದವನೇ ಅಲ್ಲ. ನನ್ನೆದುರೇ ಒಪ್ಪಿದ್ದ."

ಅವಿಸಳ ಗಂಡ ಕ್ಲೈವ್ ಎಲ್ಲರೆದುರೂ ಒಪ್ಪುತ್ತಿದ್ದ. ಒಪ್ಪದಿದ್ದರೆ ಊಟಕ್ಕೆ ಮನೆ ಸೇರುವುದು ತಡವಾಗುತ್ತಿತ್ತು. ನಿಜಕ್ಕೂ ಅವನು ಹಾಕುತ್ತಿದ್ದುದು ಗೊರಸಿನದೂ ಅಲ್ಲ, ಹರಳಿನದೂ ಅಲ್ಲ. ಇದಕ್ಕೆಂದೇ ಮಾಡಿದ ತೆಳ್ಳನೆಯ ಎಣ್ಣೆ, ಕಪಾಟಿನ ಮೂಲೆಯ ಕೆಂಪು ಡಬ್ಬಿಯದು. ವರ್ಷಕ್ಕೊಮ್ಮೆ ಅವಿಸಳ ಅಡುಗೆಮನೆಯ ಚಮಚವನ್ನೇ ಕದ್ದು, ಬೈಸಿಕೊಂಡು ಹಾಕುತ್ತಿದ್ದ. ಕಾಲಿನ ಒತ್ತಿಗೆ ಬಲ ಸೇರಿಸುವ ಬ್ರೇಕಿನ ಡಬ್ಬದೊಳಗೆ ಒಂದು ಚರ್ಮದ ಬಳೆಯಿರುತ್ತದೆ. ಅದು ಒಣಗಿದರೆ ಗಾಳಿ ಸೋರಿ ಬ್ರೇಕು ಕಲ್ಲಾಗುತ್ತದೆ. ಎಣ್ಣೆ ಅತಿಯಾದರೆ ಎಂಜಿನ್ನು ಅದನ್ನು ಹೀರಿ ಸುಡುತ್ತದೆ. ಇರುವುದು ಇಷ್ಟೇ. ಇಷ್ಟರ ಮೇಲೆ ಆ ಇಬ್ಬರು ಅದೆಷ್ಟು ಸಲ ಮಾತು ಬಿಟ್ಟಿದ್ದರೋ, ಜಗಳ ಮುಂದುವರಿಸಲೆಂದೇ ಅದೆಷ್ಟು ಸಲ ಮತ್ತೆ ಮಾತಾಡಿದ್ದರೋ. ಅವಿಸ್ ಕೆಂಪು ಡಬ್ಬಿಯ ಸುದ್ದಿ ಎತ್ತಲಿಲ್ಲ. ಅವಳನ್ನು ಯಾರೂ ಎರಡನೆಯ ಸಲ ಕೇಳಲೂ ಇಲ್ಲ.

ಕ್ಲೈವ್ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದ. ಮಣ್ಣು ಮಾಡಿ ಬಂದು ಚಹಾ ಕುಡಿಯುವಾಗಲೇ ಇಬ್ಬರೂ ಬೇರೆ ಬೇರೆಯಾಗಿ ಅವಳ ಪಕ್ಕಕ್ಕೆ ಬಂದು, ಕಾರನ್ನು ತಾವು 'ನೋಡಿಕೊಳ್ಳುವ' ಮಾತೆತ್ತಿದ್ದರು. ಚಳಿಗಾಲವಿಡೀ ಅದೇ ರಾಗ. ಕೊನೆಗೆ ರೋಸಿಹೋಗಿ ಅವಳು ಕ್ಲಬ್ಬಿನವರೆಲ್ಲರ ಎದುರಿಗೇ ಹೇಳಿಬಿಟ್ಟಳು: ಈ ವಸಂತದ ಬ್ರೇಕು ಪರೀಕ್ಷೆಗೆ ಕಾರನ್ನು ನಾನೇ ಗುಡ್ಡದಿಂದ ಇಳಿಸ್ತೀನಿ, ಬಂದರಿನ ಬಿಳಿ ಗೆರೆ ಮೇಲೆ ನಿಲ್ಲಿಸಿದರೆ ಕಾರು ನನ್ನದು, ಗೆರೆ ದಾಟಿದರೆ ನಿಮ್ಮಿಬ್ಬರಲ್ಲಿ ಒಬ್ಬರದು. ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ಭಯವಾಯಿತು. ಮದುವೆಯಾದಾಗಿನಿಂದ ಆ ಕಾರಿನಲ್ಲಿ ಅವಳು ಕೂತದ್ದು ಪಕ್ಕದ ಸೀಟಿನಲ್ಲಿ. ಇಬ್ಬರು ಗಂಡಸರೂ ಮರುಕದಿಂದ ತಲೆಯಾಡಿಸಿದರು. ಕಾರು ಯಾರ ಪಾಲಾಗುತ್ತದೆ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಹೆಸರು ಮಾತ್ರ ಬೇರೆ ಬೇರೆ ಇತ್ತು.

ಪರೀಕ್ಷೆಯ ಹಿಂದಿನ ದಿನ ಅವಿಸ್ ಚರ್ಚಿಗೆ ಹಾಡು ಕಲಿಯಲು ಹೋಗಿದ್ದಳು. ಆ ಬೀದಿಯಲ್ಲಿ ಗ್ಯಾರೇಜಿಗೆ ಬೀಗ ಹಾಕಿದರೆ ನೆರೆಯವರನ್ನು ಬೈದ ಹಾಗೆ. ಮೊದಲು ಮರ್ಡೋ ಬಂದ. ನಾಳೆ ತನ್ನದಾಗಲಿರುವ ಚರ್ಮ ಹರಳೆಣ್ಣೆಯಲ್ಲಿ ಕೊಳೆಯುವುದನ್ನು ನೆನೆದು ಅವನಿಗೆ ನಿದ್ದೆ ಬಂದಿರಲಿಲ್ಲ. ಬ್ರೇಕಿನ ಡಬ್ಬದ ಬಿರಡೆ ತೆಗೆದು ಒಂದು ಲೋಟದಷ್ಟು ಗೊರಸಿನೆಣ್ಣೆ ಸುರಿದು ಹೋದ. ಆಮೇಲೆ ಲಾಕಿ ಬಂದ. ಬಿರಡೆ ತೆಗೆದು ಮೂಸಿದ, ಮುಖ ಕಿವುಚಿದ, ಆ ಹೊಲಸು ತೊಳೆದುಹೋಗಲೆಂದು ಬಾಟಲಿಯಲ್ಲಿದ್ದಷ್ಟೂ ಹರಳೆಣ್ಣೆ ಬಗ್ಗಿಸಿದ. ಇಬ್ಬರೂ ಪುಣ್ಯದ ಕೆಲಸ ಮಾಡಿದವರಂತೆ ಮನೆಗೆ ಹೋಗಿ ಉಂಡರು.

ಮರುದಿನ ಅವಿಸ್ ಗುಡ್ಡದ ತುದಿಯಲ್ಲಿ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಳು. ಮೊದಲ ತಿರುವಿನಲ್ಲಿ ಬ್ರೇಕು ಒತ್ತಿದಳು; ಕಾರು ಹೇಳಿದ ಮಾತು ಕೇಳಿತು, ಆದರೆ ಕನ್ನಡಿಯಲ್ಲಿ ಗುಡ್ಡವೇ ಬಿಳಿ ಹೊಗೆಯಲ್ಲಿ ಮಾಯವಾಯಿತು. ಮತ್ತೆ ಒತ್ತಿದಳು, ಇನ್ನೊಂದು ಬಿಳಿ ಮೋಡ ಹೊರಬಿತ್ತು. ಬೆಂಕಿ ಬಿದ್ದಿದೆ ಎಂದು ಯಾರೋ ಕೂಗಿದರು. ಕೆಳಗೆ ಹೆಂಗಸರು ಚೀಸ್ ಸ್ಕೋನ್ ಎಂಬ ಬನ್ನುಗಳ ತಟ್ಟೆಗಳಿಗೆ ಟವೆಲು ಹೊದಿಸಿದರು. ಬಾಗಿಲು ತೆರೆದು ಹಾರಿಬಿಡೋಣ ಎನ್ನಿಸಿತು ಅವಳಿಗೆ. ಹಾರಲಿಲ್ಲ. ಮುಂದಿನ ಚಕ್ರಗಳು ಬಿಳಿ ಗೆರೆಯ ಮೇಲೆ ಬಂದು ನಿಂತವು.

ಗೆರೆಯ ಪಕ್ಕದಲ್ಲಿದ್ದ ಮರ್ಡೋ ಅವಳು ಗೆದ್ದಳೆಂದು ಬಾವುಟ ಎತ್ತಬೇಕಿತ್ತು. ಅವನು ಮೂಗು ಎತ್ತಿದ.

"ಹರಳೆಣ್ಣೆ," ಎಂದ. "ಲೋ ಲಾಕಿ, ಇದು ನಿಂದೇ ಕೆಲಸ."

"ಹರಳೆಣ್ಣೆ ಸುಟ್ರೆ ಘಮ ಅನ್ನುತ್ತೆ ಮಾರಾಯ. ಇದು ಸುಟ್ಟ ಗೊರಸು. ನಿಮ್ಮಜ್ಜನ ಕುದುರೇನೇ ಒಳಗೆ ಬಿದ್ದಿರೋ ಹಾಗಿದೆ."

"ನಿಂಗೆ ಮೂಗಿದ್ಯೇನೋ? ಬಗ್ಗಿ ನೋಡು."

ಇಬ್ಬರೂ ಕಾರಿನ ಹಿಂದೆ ಮಂಡಿಯೂರಿ, ಹೊಗೆಯ ಕೊಳವೆಗೆ ಮೂಗು ಒಡ್ಡಿದರು. ಅವಿಸ್ ಕಿಟಕಿಯಿಂದ ತಲೆ ಹೊರಹಾಕಿದಳು.

"ನಾನು ಹಾಕಿದ್ದು ಇವೆರಡೂ ಅಲ್ಲ."

ಹಿಂದೆ ಎರಡು ಮೂಗುಗಳೂ ಕೊಳವೆಯಿಂದ ಆಚೆ ಬಂದವು.

"ನೋಡಮ್ಮಾ, ನಿನ್ನ ಒಳ್ಳೇದಕ್ಕೇ..." ಎಂದು ಮರ್ಡೋ ಶುರುಮಾಡಿದ.

"ಗೆರೆ ನೋಡು, ಮರ್ಡೋ. ಬಾವುಟ ಎತ್ತು."

ಮಂಡಿಯೂರಿದಲ್ಲಿಂದಲೇ ಅವನು ಬಾವುಟ ಎತ್ತಿದ.

"ನಾಳೆ ಬೆಳಿಗ್ಗೆ ಇಬ್ಬರೂ ಬನ್ನಿ. ಆ ಡಬ್ಬ ಬಿಚ್ಚಿ, ಒಂದು ಹನಿ ಉಳೀದ ಹಾಗೆ ಒರೆಸಿಕೊಡಿ. ಎಣ್ಣೆ ನಾನು ಹಾಕ್ಕೋತೀನಿ. ಚಮಚ ನಂದೇ ಇದೆ."

ಲಾಕಿ ತಲೆತಗ್ಗಿಸಿದ. ಮರ್ಡೋ ಬಾವುಟ ಕೆಳಗಿಟ್ಟು, "ಏನೇ ಹೇಳು, ಇದು ಹರಳೆಣ್ಣೇನೇ," ಎಂದು ಮತ್ತೆ ಕೊಳವೆಗೆ ಬಗ್ಗಿದ. ಲಾಕಿಯೂ ತಡೆಯಲಾರದೆ ಬಗ್ಗಿದ.

ಅವಿಸ್ ಕನ್ನಡಿಯಲ್ಲಿ ಆ ಎರಡು ಬೋಳುತಲೆಗಳನ್ನು ನೋಡಿದಳು. ಕಾರು ನಿಂತೇ ಇತ್ತು. ಆದರೂ ಬ್ರೇಕನ್ನು ಇನ್ನೊಮ್ಮೆ, ಮೆಲ್ಲಗೆ, ಕೊನೆಯವರೆಗೆ ಒತ್ತಿದಳು.