ಅತ್ತೆಯ ಕಸರತ್ತು

ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದ ಕೊರೊನಾ ದಿನಗಳು. ಆ ಮನೆಯಲ್ಲಿ ಇದ್ದವರು ಇಬ್ಬರೇ. ಮಂಚ ಬಿಟ್ಟೇಳದ ಅತ್ತೆ ಸರಸಮ್ಮ, ಗಂಡನನ್ನು ಕಳೆದುಕೊಂಡ ಸೊಸೆ ವಿನುತಾ.

"ಹೀಗೇ ಮಲಗಿದ್ದರೆ ಕಾಲು ಪೂರ್ತಿ ಬಿದ್ದುಹೋಗುತ್ತೆ, ಮನೆಯೊಳಗೇ ನಡೆಸಿ" ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದೇ ತಡ, ವಿನುತಾ ಹಟ ಹಿಡಿದಳು. ಬೆಳಿಗ್ಗೆ ಪಡಸಾಲೆಯಲ್ಲಿ ನಡಿಗೆ, ಮಧ್ಯಾಹ್ನ ಕುರ್ಚಿ ಹಿಡಿದು ಕೂತು ಏಳುವುದು, ಸಂಜೆ ಮಹಡಿ ಮೆಟ್ಟಿಲು. ಕಾಫಿ ಬೇಕೆಂದರೆ ಅಡುಗೆಮನೆಗೇ ಬಂದು ಕುಡಿಯಬೇಕು. ಸರಸಮ್ಮ ಅತ್ತರು, ಬೈದರು.

"ಯಾವ ಜನ್ಮದ ಸೇಡು ತೀರಿಸ್ಕೋತಿದ್ದೀಯೇ?"

"ಈ ಜನ್ಮದ್ದೇ ಅತ್ತೆ. ಏಳಿ, ಇನ್ನೊಂದು ಸುತ್ತು."

ಎದುರುಮನೆಯವರು ಕಿಟಕಿಯಿಂದ ನೋಡಿ, "ಹೆತ್ತ ಮಗಳೂ ಇಷ್ಟು ಮಾಡಲ್ಲ" ಎಂದರು. ವಿನುತಾ ನಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಸರಸಮ್ಮ ಊರುಗೋಲನ್ನು ಮೂಲೆಗಿಟ್ಟರು. ಒಂದು ಬೆಳಿಗ್ಗೆ ತಾವೇ ಒಲೆಯ ಮುಂದೆ ನಿಂತು ಉಪ್ಪಿಟ್ಟು ಮಾಡಿ, ಸೊಸೆಗೂ ಬಡಿಸಿ, ಹೆಮ್ಮೆಯಿಂದ ಹೇಳಿದರು: "ನೋಡಿದ್ಯಾ! ಇನ್ನು ನನಗೆ ಯಾರ ಹಂಗೂ ಬೇಡ."

ವಿನುತಾ ತಟ್ಟೆ ಕೆಳಗಿಟ್ಟಳು. "ಈ ಮಾತಿಗೇ ಕಾಯ್ತಿದ್ದೆ ಅತ್ತೆ. 'ನನ್ನ ಕಾಲು ಆಡಲ್ಲ, ನೀನು ಹೋದ್ರೆ ನನ್ನ ಗತಿ ಏನು' ಅಂತ ಅತ್ತೂ ಅತ್ತೂ, ಅವರು ತೀರಿಕೊಂಡ ಮೇಲೆ ನನಗೆ ಬಂದ ಎರಡು ಸಂಬಂಧಾನೂ ತಪ್ಪಿಸಿದ್ರಿ."

ಸರಸಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಶುಕ್ರವಾರ ರಿಜಿಸ್ಟ್ರಾರ್ ಆಫೀಸಲ್ಲಿ ನನ್ನ ಮದುವೆ. ಹಿಂದಿನ ಬೀದೀಲೇ ಇದೆ, ನಡ್ಕೊಂಡೇ ಬನ್ನಿ."