ಒಂದು ಡ್ರಾಕ್ಮಾಗೆ ಎಷ್ಟು ಸೊನ್ನೆ

"ನಿನ್ನ ತಲೆಗಿಂತ ಈ ತೂಕದ ಕಲ್ಲು ವಾಸಿ ಕಣೋ. ಇದಕ್ಕಾದ್ರೂ ಇಷ್ಟು ಅಂತ ಒಂದು ತೂಕ ಐತೆ."

ರೇಣುಕಪ್ರಸಾದ್ ಮೇಷ್ಟ್ರು ಹೀಗೆಂದಾಗ ಸಂತೇಬೆನ್ನೂರಿನ ಆ ಮೆಕ್ಕೆಜೋಳದ ಮಂಡಿಯಲ್ಲಿ ಇಪ್ಪತ್ತು ಜನ ರೈತರಿದ್ದರು. ಇಪ್ಪತ್ತೂ ಜನ ನಕ್ಕರು. ದುರುಗೇಶನ ಕಿವಿ ಕೆಂಪಾಯಿತು.

ದುರುಗೇಶ ಜಗಳೂರು ಕಡೆಯವನು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮೂರು ವರ್ಷದಿಂದ ಇಲ್ಲಿ ತೂಕ ಹಾಕುತ್ತಿದ್ದ. ಲೋಡು ಇಲ್ಲದಾಗ ಚೀಲದ ಮೇಲೆ ಕೂತು ಫೋನು ಒತ್ತುತ್ತಿದ್ದ. ಯಾವುದೋ ಹುಡುಗಿಗೆ ಮೆಸೇಜು ಎಂಬುದು ಎಲ್ಲರ ತೀರ್ಮಾನ. ನೂರು ಕೆಜಿಗೆ ಒಂದು ಕೆಜಿ ಧೂಳಿನ ಲೆಕ್ಕದಲ್ಲಿ ಬಿಡುವುದು ಮಂಡಿಯ ಪದ್ಧತಿ. ತೂಕ ಒತ್ತಿದರೆ ಧೂಳು ಕಳೆದು ಚೀಟಿ ತಾನಾಗಿ ಬರುವಂತೆ ಮಂಡಿಯ ಫೋನಿನಲ್ಲಿ ಮಾಡಿಕೊಟ್ಟವನೂ ಅವನೇ. ಅದಕ್ಕಾಗಿ ಸಾಹುಕಾರ್ ಜಯದೇವಪ್ಪನವರು ಅವನಿಗೆ ಒಂದು ಟೀ ಕೊಡಿಸಿದ್ದರು.

ಈಗ ಮಂಡಿಗೆ ಲಾರಿ ಸಮೇತ ತೂಗುವ, ಕಂಪ್ಯೂಟರ್ ಇರುವ ಹೊಸ ವೇಬ್ರಿಡ್ಜ್ ಬರುವುದಿತ್ತು. ಅದರ ಮುಂದೆ ಒಂದೇ ಕುರ್ಚಿ. ಚನ್ನಗಿರಿಯಲ್ಲಿ ಫಿಸಿಕ್ಸ್ ಟ್ಯೂಷನ್ ಹೇಳುವ ಮೇಷ್ಟ್ರು, ಬಿಎಸ್ಸಿ ಓದಿದ ತಮ್ಮ ಶಿಷ್ಯ ವಿನಯ್ ಕುಮಾರನನ್ನು ಕರೆತಂದಿದ್ದರು.

"ಪರೀಕ್ಷೆ ನೀವೇ ಮಾಡ್ರಿ ಮೇಷ್ಟ್ರೇ," ಎಂದಿದ್ದರು ಜಯದೇವಪ್ಪ. "ಗೆದ್ದೋನು ಕುರ್ಚಿಗೆ, ಸೋತೋನು ಊರಿಗೆ."

ಮೇಷ್ಟ್ರಿಗೆ ಹಳೇ ನಾಣ್ಯಗಳ ಹುಚ್ಚು. ಜೇಬಿನಿಂದ ಒಂದು ಬೆಳ್ಳಿ ಬಿಲ್ಲೆ ತೆಗೆದರು. ಅದರ ಮೇಲೊಂದು ಗೂಬೆ.

"ಇದು ಡ್ರಾಕ್ಮಾ. ಗ್ರೀಸ್ ದೇಶದ ಹಳೇ ಕಾಲದ ನಾಣ್ಯ. ತೂಕ ನಾಲ್ಕು ಪಾಯಿಂಟ್ ಮೂರು ಗ್ರಾಂ. ಪರಮಾಣುಗಳನ್ನು ತೂಗುವ ಯೂನಿಟ್ಟಿನಲ್ಲಿ ಇದು ಎಷ್ಟಾಗ್ತದೆ, ಇಬ್ರೂ ಹೇಳ್ರಿ."

"ಜೋಳ ತೂಗಾಕೆ ಇದೆಲ್ಲ ಯಾತಕ್ರೀ?" ಎಂದಳು ಜೋಳ ತಂದು ಚೀಲದ ಮೇಲೆ ಕೂತಿದ್ದ ಗಾದ್ರಮ್ಮ.

"ಚಿಕ್ಕದನ್ನ ತೂಗೋ ತಾಕತ್ತಿದ್ದೋನು ದೊಡ್ಡದನ್ನ ತೂಗ್ತಾನಮ್ಮ." ಮೇಷ್ಟ್ರು ಫೋನು ತೆಗೆದರು. "ಇಂಟರ್ನೆಟ್‌ನಲ್ಲಿ ಒಂದು ಪುಟ ಐತೆ. ಯಾವ ತೂಕ ಕೊಟ್ಟರೂ ಯಾವ ತೂಕಕ್ಕೆ ಬೇಕಾದರೂ ಬದಲಾಯಿಸ್ತದೆ. ಬೇಕಾದ್ರೆ ನೋಡ್ಕೊಳ್ರಿ."

ವಿನಯ್ ಕುಮಾರ ಆಗಲೇ ನೋಡುತ್ತಿದ್ದ.

"ನನಗೆ ಫೋನ್ ಬ್ಯಾಡ," ಎಂದ ದುರುಗೇಶ.

"ಯಾಕಪ್ಪಾ?" ಎಂದರು ಮೇಷ್ಟ್ರು.

"ತಲೆಗೆ ತೂಕ ಇಲ್ಲ ಅಂದ್ರಲ್ಲ. ನೋಡಾಣ."

ಚೀಲಕ್ಕೆ ನಂಬರು ಹಾಕುವ ಸೀಮೆಸುಣ್ಣ ಎತ್ತಿಕೊಂಡ. ಒಂದು ಗ್ರಾಮಿಗೆ ಆರು ಸಾವಿರದ ಇಪ್ಪತ್ತೆರಡು, ಅದರ ಪಕ್ಕ ಇಪ್ಪತ್ತು ಸೊನ್ನೆ ಎಂದು ಗೋಡೆಯ ಮೇಲೆ ಬರೆದ. ಮೇಷ್ಟ್ರ ಹುಬ್ಬು ಮೇಲೇರಿತು. ಈ ಸಂಖ್ಯೆ ಇವನಿಗೆ ಎಲ್ಲಿ ಸಿಕ್ಕಿತು? ಅವನು ಗುಣಿಸಿದ. 2589 ಎಂದು ಬರೆದು ಪಕ್ಕದಲ್ಲಿ ಇಪ್ಪತ್ತೊಂದು ಸೊನ್ನೆ ಸುತ್ತಿದ. ಗೋಡೆ ಸಾಲದೆ ಕೊನೆಯ ನಾಲ್ಕು ಸೊನ್ನೆ ಬಾಗಿಲಿನ ಮೇಲೆ ಬಂದವು.

"ಆ ಬಾಗಿಲ ಮ್ಯಾಗಿನ ಸೊನ್ನೆ ಯಾರಿಗೂ ಬ್ಯಾಡಾದ್ರೆ ನನ್ನ ಜೋಳದ ರೇಟಿಗೆ ಹಾಕ್ರಪ್ಪಾ," ಎಂದಳು ಗಾದ್ರಮ್ಮ.

ವಿನಯ್ ಕುಮಾರ ಫೋನು ನೋಡಿ ಓದಿದ. "ಎರಡು ಸಾವಿರದ ಐನೂರ ಅರವತ್ಮೂರು ಸಾರ್. ಪಕ್ಕ ಇಪ್ಪತ್ತೊಂದು ಸೊನ್ನೆ."

ಮೇಷ್ಟ್ರು ಮೊದಲೇ ಬರೆದಿಟ್ಟಿದ್ದ ಚೀಟಿ ಬಿಡಿಸಿದರು. 2563. ಅವರೂ ಅದೇ ಪುಟ ನೋಡಿಯೇ ಬರೆದಿದ್ದರು.

"ಸೊನ್ನೆ ಸರಿ ಐತೆ ದುರುಗೇಶ. ಸೊನ್ನೆ ನಿನಗೆ ಚೆನ್ನಾಗಿ ಗೊತ್ತು, ಶಾಲೇಲಿ ತಗೊಂಡು ರೂಢಿ." ಮತ್ತೆ ಇಪ್ಪತ್ತೂ ಜನ ನಕ್ಕರು.

"ನಂದೇ ಸರಿ," ಎಂದ ದುರುಗೇಶ. ಹಲ್ಲು ಕಚ್ಚಿದ್ದ. "ಆ ಪುಟ ತಪ್ಪೈತೆ. ಅದನ್ನ ಮಾಡ್ದೋನು ಯಾವನೋ ದಡ್ಡ."

"ದಡ್ಡ?" ಮೇಷ್ಟ್ರು ಫೋನನ್ನು ಅವನ ಮೂಗಿನ ಹತ್ತಿರ ಹಿಡಿದರು. "ಇಲ್ಲಿ ನೋಡು. ಇದನ್ನ ಮಾಡಿದೋನು ಎಂಥಾ ಮೇಧಾವಿ ಇರಬೇಕು. ಜರ್ಮನಿಯೋನೇ ಇರಬೇಕು. ಅವನ ಕಾಲಿಗೆ ಬಿದ್ರೂ ನಿನಗೆ ಬುದ್ಧಿ ಬರಲ್ಲ."

ದುರುಗೇಶ ಪುಟ ನೋಡಿದ. ಹಸಿರು ಬಣ್ಣ. ಒತ್ತುವ ಗುಂಡಿ ಸ್ವಲ್ಪ ಸೊಟ್ಟ. ಗೋಡೆ ನೋಡಿದ. ಎರಡೂ ಲೆಕ್ಕದ ನಡುವೆ ಇಪ್ಪತ್ತಾರರ ವ್ಯತ್ಯಾಸ. ಅವನ ಮುಖದ ಕೆಂಪು ಒಮ್ಮೆಲೇ ಇಳಿಯಿತು.

"ಏನಾದ್ರೂ ಹೇಳೋದೈತೇನಪ್ಪಾ?" ಜಯದೇವಪ್ಪನವರ ದನಿ ಮೆತ್ತಗಿತ್ತು. "ಹೇಳಿಬಿಡು. ಇಲ್ಲಾಂದ್ರೆ ಕುರ್ಚಿ ಅವನಿಗೇ ಹೋಗ್ತದೆ."

ಹೇಳುವುದಿತ್ತು. ಹೇಳಿದರೆ ಯಾರೂ ನಂಬುವುದಿಲ್ಲ. ನಂಬಿದರೆ ಇನ್ನೂ ಕಷ್ಟ. ದಡ್ಡ ಎಂದು ಈಗಷ್ಟೇ ಇಪ್ಪತ್ತು ಜನರ ಮುಂದೆ ತಾನೇ ಬೈದಾಗಿತ್ತು.

ದುರುಗೇಶ ಸೀಮೆಸುಣ್ಣವನ್ನು ತೂಕದ ಕಲ್ಲಿನ ಮೇಲಿಟ್ಟು ಹೊರಟ. ನಡೆಯುತ್ತಲೇ ಫೋನು ತೆಗೆದು, ಹೋದ ಸುಗ್ಗಿಯಲ್ಲಿ ಚೀಲದ ಮೇಲೆ ಕೂತು ತಾನೇ ಮಾಡಿ ಇಂಟರ್ನೆಟ್ಟಿಗೆ ಬಿಟ್ಟಿದ್ದ ಆ ಪುಟವನ್ನು ತೆರೆದು, ಮಂಡಿಯ ಚೀಟಿಯ ಲೆಕ್ಕವನ್ನು ನಕಲು ಮಾಡುವಾಗ ಜೊತೆಗೇ ಬಂದುಬಿಟ್ಟಿದ್ದ ಒಂದು ಸಾಲನ್ನು ಅಳಿಸಿದ: "ಧೂಳು, ನೂರಕ್ಕೆ ಒಂದು."