ರಟ್ಟಿನ ಕಂಪ್ಯೂಟರ್

ಎರಡನೆಯ ಡಬ್ಬದ ಕೊನೆಯ ಅಂಚಿಗೆ ಬರುವಷ್ಟರಲ್ಲಿ ಅಂಟುಪಟ್ಟಿಯ ತುದಿ ಮತ್ತೆ ಸುರುಳಿಯಲ್ಲಿ ಕಳೆದುಹೋಯಿತು. ಅವಳು ಅದನ್ನು ಉಗುರಿನಿಂದ ಕೆರೆಯುತ್ತ ಕೂತಳು. ನೆಲದ ತುಂಬ ರಟ್ಟಿನ ಚೂರು, ಸೀಮೆಸುಣ್ಣ, ಕಾರ್ಖಾನೆಯ ಉದ್ದ ಕತ್ತರಿ. ಮೊದಲನೆಯ ಡಬ್ಬ ಆಗಲೇ ಮುಗಿದು ಮೊಣಕಾಲೆತ್ತರಕ್ಕೆ ನಿಂತಿತ್ತು. ಎರಡನೆಯದರಲ್ಲಿ ಹೆಚ್ಚೆಂದರೆ ಎರಡು ಜೋಡಿ ಚಪ್ಪಲಿ ಹಿಡಿಸಬಹುದು.

"ಅಮ್ಮಾ, ಉದ್ದ ಅಗಲ ಎತ್ತರ ಎಲ್ಲಾ ವೆಬ್‌ಸೈಟಲ್ಲೇ ಕೊಟ್ಟಿದಾರೆ. ಕಂಪ್ಯೂಟರ್ ಕ್ಯಾಬಿನೆಟ್‌ಗೂ ಟ್ರಯಲ್ ನೋಡೋಳು ಪ್ರಪಂಚದಲ್ಲಿ ನೀನೊಬ್ಳೇ," ಎಂದಳು ಮಗಳು. ಬಿಡಿಭಾಗಗಳನ್ನು ತರಿಸಿ ಜೋಡಿಸಿಕೊಡುವುದು ಅವಳ ಹೊಣೆ. ಉಳಿದದ್ದೆಲ್ಲ ಬಂದಾಗಿತ್ತು. ಅವನ್ನೆಲ್ಲ ಕೂರಿಸುವ ಕ್ಯಾಬಿನೆಟ್ ಈ ಎರಡು ಅಳತೆಗಳಲ್ಲಿ ಯಾವುದೆಂಬುದೊಂದು ತೀರ್ಮಾನವಾಗಬೇಕಿತ್ತು.

"ಕಾಗದದ ಮೇಲೆ ಎಲ್ಲಾ ಕೋಟೂ ಮೈಗೆ ಸರಿಯಾಗೇ ಇರುತ್ತೆ ಕಣೇ. ತೋಳು ಎತ್ತಿದಾಗ ತಾನೆ ಗೊತ್ತಾಗೋದು!"

ಅವಳು ಉಡುಪಿನ ಕಾರ್ಖಾನೆಯಲ್ಲಿ ಪ್ಯಾಟರ್ನ್ ಕತ್ತರಿಸುವವಳು. ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೆಯ ಬಟ್ಟೆಯಲ್ಲಿ ಕಚ್ಚಾ ಹೊಲಿದು ನೋಡುವುದು ಅಲ್ಲಿನ ರೂಢಿ. ಈಗ ಪ್ಯಾಟರ್ನುಗಳೆಲ್ಲ ಕಂಪ್ಯೂಟರಿಗೆ ಬಂದಿದ್ದವು. ಅರ್ಧ ವಾರ ಮನೆಯಲ್ಲೇ ಕೂತು ಮಾಡಿ ಎಂದಿದ್ದರು. ಕಂಪ್ಯೂಟರ್ ಅವಳದೇ. ಅದನ್ನು ಎಲ್ಲಿಡಬೇಕೆಂಬ ಮಾತು ಮಾತ್ರ ಮನೆಮಂದಿಗೆಲ್ಲ ಸೇರಿತ್ತು.

ಗಂಡ ಒಳಗೆ ಬಂದವನೇ ದೊಡ್ಡ ಡಬ್ಬವನ್ನು ಎತ್ತಿ ಟೀವಿಯ ಪಕ್ಕ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. "ಇದೇ ಇರ್ಲಿ. ಲಕ್ಷಣವಾಗಿ ಕೂತಿದೆ. ಪಕ್ಕಕ್ಕೆ ಗಾಜು, ಒಳಗಡೆ ಬಣ್ಣದ ಲೈಟು..."

"ನಿಮಗೆ ಬೇಕಾಗಿರೋದು ಕಂಪ್ಯೂಟರೋ ಮೀನಿನ ತೊಟ್ಟಿನೋ?"

"ನಗಬೇಡ. ನೀನೂ ಕೆಲಸ ಮಾಡ್ತಾ ನಮ್ ಜೊತೆ ಮಾತಾಡ್ಕೊಂಡಿರಬಹುದು. ನಿನ್ ಕೆಲಸ ಮುಗಿದ್ಮೇಲೆ ನಾನು ಅದ್ರಲ್ಲೇ ಸ್ವಲ್ಪ ಫುಟ್‌ಬಾಲ್ ಆಡ್ಕೋತೀನಿ." ಹಾಗೆನ್ನುತ್ತಲೇ ಅವನು ಬೀಗದ ಕೈಗಳನ್ನು ಆ ಡಬ್ಬದ ಮೇಲಿಟ್ಟ. ಸಂಜೆಯ ಹೊತ್ತಿಗೆ ಅದರ ಮೇಲೆ ಪೇಪರು, ಚಾರ್ಜರು, ಮಗಳ ತಲೆಪಟ್ಟಿ, ಯಾರದೋ ಒಂಟಿ ಕಾಲುಚೀಲ ಎಲ್ಲ ಬಂದು ಸೇರಿದವು. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಆ ರಾಶಿಯ ಹಿಂದೆ ಕೂತ ತನ್ನನ್ನು ಅವಳು ಸ್ಪಷ್ಟವಾಗಿ ಕಂಡಳು: ಪರದೆಯ ಮೇಲೆ ಅರ್ಧ ಬರೆದ ತೋಳು, ಕಿವಿಯಲ್ಲಿ ಟೀವಿ, ಬೆನ್ನ ಹಿಂದೆ, 'ಹೇಗೂ ಕೂತೇ ಇದ್ದೀಯಲ್ಲ, ಒಲೆ ಮೇಲೆ ಹಾಲಿಟ್ಟಿದೀನಿ, ನೋಡ್ಕೋ.'

ಅವಳು ಸಣ್ಣ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಯ ಆಚೆಯ ಸಾಮಾನಿನ ಕೋಣೆಗೆ ಹೋದಳು. ಅಲ್ಲಿ ಸೂಟ್‌ಕೇಸುಗಳಿದ್ದವು, ಗಂಡ 'ನಾಳೆಯಿಂದ' ತುಳಿಯಲಿದ್ದ ವ್ಯಾಯಾಮದ ಸೈಕಲ್ ಇತ್ತು, ಒಂದು ಕಿಟಕಿ ಇತ್ತು. ಕಿಟಕಿಯ ಪಕ್ಕದ ಗೋಡೆಯಲ್ಲೊಂದು ಗೂಡು. ಡಬ್ಬ ಅದರ ಅಗಲ ಎತ್ತರಕ್ಕೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಕೆಳಗೆ ಮಡಚುವ ಮೇಜು ಹಾಕಬಹುದು. ಅವಳು ಬಾಗಿಲು ಮುಂದಕ್ಕೆ ಮಾಡಿ ಸೂಟ್‌ಕೇಸಿನ ಮೇಲೆ ಕೂತಳು. ಪಕ್ಕದ ಮನೆಯ ಬಕೆಟ್ಟಿಗೆ ನೀರು ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲ. ಆ ಬಾಗಿಲಿಗೆ ಒಳಗಿನಿಂದಲೂ ಚಿಲಕವಿದೆಯೆಂಬುದು ಅವಳ ಕಣ್ಣಿಗೆ ಬಿದ್ದದ್ದು ಆಗಲೇ.

"ಸಣ್ಣದೇ ಸಾಕು. ಸಾಮಾನಿನ ಕೋಣೆ ಗೂಡಲ್ಲಿ ಕೂರುತ್ತೆ," ಎಂದಳು ಹೊರಗೆ ಬಂದು.

"ನೋಡಿದ್ಯಾ ನಿಮ್ಮಮ್ಮನ್ನ! ಹಾಸಿಗೆ ಉದ್ದ ಇದ್ರೂ ಕಾಲು ಮಡಚೇ ಮಲಗೋಳು," ಎಂದು ಗಂಡ ಮುದ್ದಿನಿಂದಲೇ ಹಂಗಿಸಿದ. ಅವಳು ತಿದ್ದಲು ಹೋಗಲಿಲ್ಲ.

"ಆದ್ರೆ ಒಂದು," ಎಂದಳು ಮಗಳು. "ಇಷ್ಟು ಚಿಕ್ಕದ್ರಲ್ಲಿ ಆಟಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡ್ ಕೂರಲ್ಲ. ಅಮ್ಮನ ಕೆಲಸಕ್ಕೆ ಅದು ಬೇಕಾಗೂ ಇಲ್ಲ. ಅಪ್ಪನ ಫುಟ್‌ಬಾಲ್ ಮಾತ್ರ ಓಡಲ್ಲ."

"ಹೋಗ್ಲಿ ಬಿಡು," ಎಂದ ಗಂಡ. ಮುಖ ಮಾತ್ರ ಹೋಗಲಿ ಬಿಡು ಎನ್ನುತ್ತಿರಲಿಲ್ಲ. ಮಗಳಿಗೆ ಅಯ್ಯೋ ಅನ್ನಿಸಿರಬೇಕು, ಫೋನಿನಲ್ಲಿ ಮತ್ತೆ ಹುಡುಕತೊಡಗಿದಳು.

"ಇರಿ ಇರಿ, ಇಲ್ಲೊಂದಿದೆ! ಅಗಲ, ಎತ್ತರ ಅಷ್ಟೇ. ಉದ್ದ ಮಾತ್ರ ಮೂರಿಂಚು ಜಾಸ್ತಿ. ಇದ್ರಲ್ಲಿ ಕಾರ್ಡೂ ಕೂರುತ್ತೆ, ಅಪ್ಪನೂ ಆಡಬಹುದು, ನಾನೂ ಆಡಬಹುದು. ಆ ಗೂಡಲ್ಲಿ ಹಿಡಿಸುತ್ತಾ ನೋಡಮ್ಮ."

ಅವಳು ಅಳತೆಪಟ್ಟಿ ಹಿಡಿದು ಮತ್ತೆ ಕೋಣೆಗೆ ಹೋದಳು. ಗೂಡಿನ ಆಳಕ್ಕೆ ಪಟ್ಟಿ ಇಳಿಸಿದಳು. ನಂಬದೆ ಇನ್ನೊಂದು ಮೂಲೆಯಿಂದಲೂ ಅಳೆದಳು. ಮಗಳು ಹೇಳಿದ ಕ್ಯಾಬಿನೆಟ್ ಆರಾಮವಾಗಿ ಕೂರುತ್ತಿತ್ತು. ಹಿಂದೆ ವೈರು ಹಾಯಲು ಎರಡು ಬೆರಳು ಜಾಗವೂ ಉಳಿಯುತ್ತಿತ್ತು.

"ಹಿಡಿಸುತ್ತೇನೇ?" ಗಂಡನ ದನಿಯಲ್ಲಿ ಆಸೆಯಿತ್ತು.

ಪಟ್ಟಿಯ ಗುರುತಿನ ಮೇಲೆ ಹೆಬ್ಬೆರಳಿನ ಉಗುರು ಊರಿಕೊಂಡು ಅವಳು ಒಂದು ಕ್ಷಣ ಕಿಟಕಿಯ ಕಡೆ ನೋಡಿದಳು. ಅವಳು ಹೇಳಿದ ಅಳತೆಯನ್ನು ಮತ್ತೊಬ್ಬರು ಅಳೆದು ನೋಡುವ ಪದ್ಧತಿ ಕಾರ್ಖಾನೆಯಲ್ಲೂ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ.

"ಇಲ್ಲಾರೀ," ಎಂದು ಕೂಗಿ ಹೇಳಿದಳು, ಪಟ್ಟಿಯನ್ನು ನಿಧಾನವಾಗಿ ಬೆರಳಿಗೆ ಸುತ್ತಿಕೊಳ್ಳುತ್ತ. "ಒಂದೇ ಒಂದು ಬೆರಳು ಸಾಲಲ್ಲ."